ಒಂದೇ ಮನೆಯ ಹಾಲು, ಒಂದೇ ಮನೆಯ ಟೊಮೆಟೊ

ಪ್ರಶ್ನೆ: ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿ. ನಮ್ಮೂರು ಮುಳಬಾಗಿಲು ಕಡೆ. ಸಪ್ಲೈ ಚೈನ್ ಮತ್ತು ಲಾಜಿಸ್ಟಿಕ್ಸ್‌ನಲ್ಲಿ ಬರುವ ಹೊಸತನದಿಂದ ವ್ಯಾಪಾರಕ್ಕೂ ಲಾಭ, ಸಮಾಜಕ್ಕೂ ಲಾಭ ಎಂದು ಪಾಠದಲ್ಲಿದೆ. ನಮ್ಮ ಮನೆಯಲ್ಲಿ ಒಂದೂವರೆ ಎಕರೆ ಟೊಮೆಟೊ, ಎರಡು ಹಸು. ಹೋದ ಸಲ ಬೆಲೆ ಬಿದ್ದಾಗ ಕೀಳುವ ಕೂಲಿಯೂ ಹುಟ್ಟುವುದಿಲ್ಲ ಎಂದು ಅಪ್ಪ ಹಣ್ಣನ್ನು ಹೊಲದಲ್ಲೇ ಬಿಟ್ಟರು. ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ಟೊಮೆಟೊ ಮನೆ ಬಾಗಿಲಿಗೆ ಬರುತ್ತದೆ. ಹಾಗಾದರೆ ಈ ಹೊಸತನದ ಲಾಭ ಯಾರಿಗೆ ಹೋಯಿತು?

ಉತ್ತರ: ಟೊಮೆಟೊ ಬಗ್ಗೆ ನಾಲ್ಕು ಸಾಲು ಬರೆದ ನೀವು ಹಸುಗಳನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಆ ಎರಡು ಹಸುಗಳ ಹಾಲನ್ನು, ಬೆಲೆ ಇಲ್ಲ ಎಂದು, ನಿಮ್ಮ ಅಮ್ಮ ಯಾವತ್ತಾದರೂ ಚರಂಡಿಗೆ ಸುರಿದಿದ್ದಾರಾ? ಇರಲಿಕ್ಕಿಲ್ಲ. ಹಾಲು ಟೊಮೆಟೊಗಿಂತ ಎಷ್ಟೋ ಬೇಗ ಕೆಡುವ ಪದಾರ್ಥ. ಹಣ್ಣು ಮೂರು ನಾಲ್ಕು ದಿನ ತಡೆಯುತ್ತದೆ, ಬಿಸಿಲುಗಾಲದಲ್ಲಿ ಹಸಿ ಹಾಲು ಮೂರು ನಾಲ್ಕು ಗಂಟೆ ತಡೆದರೆ ಹೆಚ್ಚು. ಆದರೂ ಹಾಲು ಉಳಿಯುತ್ತದೆ, ಟೊಮೆಟೊ ಕೊಳೆಯುತ್ತದೆ.

ಇದು ನಿಮ್ಮ ಮನೆಯೊಂದರ ಕತೆ ಅಲ್ಲ. ಲೂಧಿಯಾನದಲ್ಲಿ ಸಿಫೆಟ್ ಎಂಬ ಕೇಂದ್ರ ಸಂಸ್ಥೆ ಇದೆ, ಕೊಯ್ಲಿನ ನಂತರ ಬೆಳೆ ಎಷ್ಟು ಹಾಳಾಗುತ್ತದೆ ಎಂದು ಅಳೆಯುವುದು ಅವರ ಕೆಲಸಗಳಲ್ಲಿ ಒಂದು. ಅವರ 2015ರ ವರದಿಯ ಪ್ರಕಾರ ದೇಶದಲ್ಲಿ ಹಾಲಿನ ನಷ್ಟ ಶೇ 0.92. ಟೊಮೆಟೊ ನಷ್ಟ ಶೇ 12.44. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇಗ ಕೆಡುವುದು ನೂರಕ್ಕೆ ಒಂದು ಪಾಲೂ ಹಾಳಾಗುತ್ತಿಲ್ಲ. ನಿಧಾನವಾಗಿ ಕೆಡುವುದು ಎಂಟರಲ್ಲಿ ಒಂದು ಪಾಲು ಹೋಗುತ್ತಿದೆ. ನಿಮ್ಮ ಪಾಠದ ಆ ಒಂದು ಸಾಲಿನ ಅರ್ಥ ಪೂರ್ತಿ ಈ ಎರಡು ಅಂಕಿಗಳ ನಡುವೆ ಇದೆ.

ನಾನು ಹಾಲಿನ ಕಡೆಯಿಂದಲೇ ಈ ಕೆಲಸಕ್ಕೆ ಬಂದವನು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಶೀತಲೀಕರಣ ಕೇಂದ್ರದಲ್ಲಿ ಹಾಲು ಇಳಿಸಿಕೊಳ್ಳುವ ಕಡೆ ಮೇಲ್ವಿಚಾರಕ. ಆಗ ಹಾಲು ಬರುತ್ತಿದ್ದುದು 40 ಲೀಟರಿನ ಅಲ್ಯೂಮಿನಿಯಂ ಕ್ಯಾನುಗಳಲ್ಲಿ. ಒಂದು ಲಾರಿ ಹತ್ತು ಹದಿನೈದು ಊರು ಸುತ್ತಿ ಕ್ಯಾನು ತುಂಬಿಕೊಂಡು ಬರಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊದಲ ಊರಿನ ಹಾಲು ಕೊನೆಯ ಊರಿನ ಹಾಲು ಬರುವ ತನಕ ಬಿಸಿಲಲ್ಲೇ ಕಾಯಬೇಕು. ಒಂದು ಏಪ್ರಿಲ್ ಸಂಜೆ ಲಾರಿಯ ಆಕ್ಸಲ್ ಮುರಿಯಿತು. ಬೇರೆ ಗಾಡಿ ಹೋಗಿ ತರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ. ಸುಮಾರು ಅರವತ್ತು ಕ್ಯಾನು, ಒಂದರ ಹಿಂದೆ ಒಂದು ಬದಿಗಿಡಿಸಿದೆ. ಕುದಿಸಿ ನೋಡಿದರೂ ಅಷ್ಟೇ, ಒಡೆಯಿತು. ಮಾರನೇ ದಿನ ಆ ಸಂಘಗಳಿಗೆ ಲೆಕ್ಕ ಬರೆದು ಕಳಿಸುವಾಗ ಕೈ ಓಡಲಿಲ್ಲ. ಹಾಲು ಹಾಕಿದ ಹೆಂಗಸರದು ಏನೂ ತಪ್ಪಿರಲಿಲ್ಲ. ಕೆಟ್ಟದ್ದು ಲಾರಿ, ನಷ್ಟ ಅವರದು.

ಅದರ ಹಿಂದಿನ ಲೆಕ್ಕ ಸರಳ. ಕೆಚ್ಚಲಿನಿಂದ ಬರುವಾಗ ಹಾಲಿನ ಬಿಸಿ ಸುಮಾರು 38 ಡಿಗ್ರಿ. ಆ ಬೆಚ್ಚಗಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ, ಕೆಲವು ಸಲ ಅದಕ್ಕಿಂತ ಬೇಗ, ಇಮ್ಮಡಿಯಾಗುತ್ತವೆ. 4 ಡಿಗ್ರಿಗೆ ಇಳಿಸಿದರೆ ಅವುಗಳ ಆಟ ಹೆಚ್ಚು ಕಡಿಮೆ ನಿಲ್ಲುತ್ತದೆ. ಹಾಗಾಗಿ ಹಾಲಿನ ವ್ಯಾಪಾರದಲ್ಲಿ ಗೆಲ್ಲಬೇಕಾದ್ದು ಒಂದೇ ಒಂದು ಓಟ: ಕರೆದ ಹೊತ್ತಿನಿಂದ ತಣ್ಣಗಾಗುವ ಹೊತ್ತಿನ ತನಕ. ಲಾರಿಯನ್ನು ಎಷ್ಟು ಜೋರಾಗಿ ಓಡಿಸಿದರೂ ಆ ಓಟ ಗೆಲ್ಲುವುದು ಕಷ್ಟ. ಗೆಲ್ಲಿಸಿದ್ದು ತಣ್ಣಗೆ ಮಾಡುವ ಯಂತ್ರವನ್ನೇ ಊರಿಗೆ ತಂದು ಇಟ್ಟದ್ದು. ಅದೇ ನೀವು ನೋಡಿರುವ ಬಿಎಂಸಿ, ಸ್ಟೀಲಿನ ದೊಡ್ಡ ತೊಟ್ಟಿ. ನಾಲ್ಕಾರು ಊರಿನ ಹಾಲು ಅಲ್ಲಿಗೆ ಬಂದು ತಣ್ಣಗಾಗುತ್ತದೆ. ಟ್ಯಾಂಕರ್ ಎರಡು ಸಲದ ಬದಲು ಒಂದು ಸಲ ಬಂದರೆ ಸಾಕು. ಕ್ಯಾನು ತೊಳೆಯುವ ಕೆಲಸ ತಪ್ಪಿತು, ಡೀಸೆಲ್ ಉಳಿಯಿತು, ಹುಳಿ ಹಾಲಿನ ಗೋಳು ಬಹಳ ಕಡಿಮೆಯಾಯಿತು. ಹಾಲಿನ ಗುಣಮಟ್ಟ ಏರಿದ್ದರಿಂದ ಬೆಲೆ ಜಾಸ್ತಿ ಇರುವ ಪದಾರ್ಥಗಳನ್ನೂ ಮಾಡಬಹುದಾಯಿತು. ನಂದಿನಿಯ ಗುಡ್‌ಲೈಫ್ ಹಾಲು ಫ್ರಿಜ್ ಇಲ್ಲದೆ 90 ದಿನ ಇರುತ್ತದಲ್ಲ, ಅದನ್ನು ಸೆಕೆಂಡುಗಳ ಲೆಕ್ಕದಲ್ಲಿ 135 ಡಿಗ್ರಿಗೂ ಮೇಲೆ ಕಾಯಿಸಿ ಗಾಳಿ ತಾಕದ ಹಾಗೆ ಪ್ಯಾಕ್ ಮಾಡುತ್ತಾರೆ. ಹುಳಿ ತಿರುಗಲು ಶುರುವಾದ ಹಾಲು ಆ ಬಿಸಿಯನ್ನು ತಡೆಯುವುದಿಲ್ಲ, ಯಂತ್ರದೊಳಗೇ ಒಡೆಯುತ್ತದೆ. ಅಂದರೆ ಫ್ಯಾಕ್ಟರಿಯ ಹೊಸತನ ಊರಿನ ತೊಟ್ಟಿಯ ಮೇಲೆ ನಿಂತಿದೆ.

ಇಷ್ಟು ವ್ಯಾಪಾರದ ಲಾಭ. ನಿಮ್ಮ ಅಮ್ಮನಿಗೆ ಏನು ಸಿಕ್ಕಿತು?

ನನ್ನ ಕಸುಬಿನಲ್ಲಿ ನಾವು ಮೂರು ಹರಿವು ನೋಡುತ್ತೇವೆ: ಸರಕು, ಸುದ್ದಿ, ದುಡ್ಡು. ಸರಕು ಊರಿಂದ ಪೇಟೆಗೆ ಹೋಗುತ್ತದೆ. ದುಡ್ಡು ಪೇಟೆಯಿಂದ ಊರಿಗೆ ಬರಬೇಕು. ಸುದ್ದಿ ಎರಡೂ ಕಡೆ ಓಡಾಡಬೇಕು. ಹಾಲಿನಲ್ಲಿ ಮೂರೂ ಸುಧಾರಿಸಿದವು. ಮೊದಲು ಹಾಲಿನ ಅಳತೆಯೂ ಫ್ಯಾಟೂ ಹಾಲಿನ ಸಂಘದ ಕಾರ್ಯದರ್ಶಿಯ ಪೆನ್ನಿನ ತುದಿಯಲ್ಲಿತ್ತು. ಈಗ ಡೇರಿಯಲ್ಲಿ ಹಾಲು ಸುರಿದ ಕೂಡಲೇ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಎಲ್ಲ ಚೀಟಿಯಲ್ಲಿ ಬರುತ್ತದೆ. ನಿನ್ನೆಗಿಂತ ಫ್ಯಾಟ್ ಯಾಕೆ ಕಡಿಮೆ ಎಂದು ನಿಮ್ಮ ಅಮ್ಮ ನಿಂತು ಕೇಳಬಹುದು. ಬಟವಾಡೆ ನೇರ ಬ್ಯಾಂಕಿಗೆ ಹೋಗುತ್ತದೆ. ಸರ್ಕಾರ ಲೀಟರಿಗೆ ಇಷ್ಟು ಎಂದು ಕೊಡುವ ಪ್ರೋತ್ಸಾಹಧನವೂ ಖಾತೆಗೇ. ಎಷ್ಟೋ ಮನೆಗಳಲ್ಲಿ ಹೆಂಗಸರ ಹೆಸರಿನಲ್ಲಿ ಬರುವ ಮೊದಲ ದುಡ್ಡು ಹಾಲಿನದು. ಇದನ್ನು ನಾನು ಸಣ್ಣ ವಿಷಯ ಎಂದು ಎಂದೂ ಒಪ್ಪಿಲ್ಲ.

ಇನ್ನೊಂದು ಹೊಸತನ ಇದಕ್ಕಿಂತ ಹಳೆಯದು, ಇದಕ್ಕಿಂತ ದೊಡ್ಡದು. ಹಾಲು ಜಾಸ್ತಿ ಬರುವ ಕಾಲದಲ್ಲಿ ಏನು ಮಾಡುವುದು? ಗುಜರಾತಿನ ಆನಂದ್‌ನಲ್ಲಿ 1955ರ ಸುಮಾರಿಗೆ ಅಮೂಲ್‌ನ ವರ್ಗೀಸ್ ಕುರಿಯನ್ ಅವರ ಜೊತೆಗಿದ್ದ ಎಚ್.ಎಂ. ದಲಾಯ ಎಮ್ಮೆ ಹಾಲಿನಿಂದ ಪುಡಿ ಮಾಡಿ ತೋರಿಸಿದರು. ಎಮ್ಮೆ ಹಾಲಿನಲ್ಲಿ ಅದು ಆಗುವುದಿಲ್ಲ ಎಂದು ಹೊರದೇಶದ ತಜ್ಞರು ನಂಬಿದ್ದ ಕಾಲ ಅದು. ಪುಡಿ ಬಂದ ಮೇಲೆ ಹಾಲಿಗೆ ಕಾಯುವ ಶಕ್ತಿ ಬಂತು. ಹಾಲು ಜಾಸ್ತಿ ಬರುವ ಕಾಲದ ಹೆಚ್ಚುವರಿ ಬೇಸಿಗೆಯ ಕೊರತೆಗೆ ಆಯಿತು. 1970ರಲ್ಲಿ ಶುರುವಾದ, ದೇಶದ ಹಾಲಿನ ಉತ್ಪಾದನೆ ಹೆಚ್ಚಿಸುವ ಆಪರೇಷನ್ ಫ್ಲಡ್ ಯೋಜನೆಗೂ ಈ ಬಲ ಒದಗಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೇರಿ ಯೋಜನೆ ಬಂತು, ಅದೇ ಮುಂದೆ ಕೆಎಂಎಫ್ ಆಯಿತು. 2024ರಲ್ಲಿ ಅದರ ದಿನದ ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು.

ಈ ಪುಡಿ ಎಲ್ಲಿಗೆ ಹೋಗುತ್ತದೆ ಗೊತ್ತಾ? ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಅದನ್ನು ನೀವೇ ಕುಡಿದಿರುತ್ತೀರಿ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾಯಿತು. 18 ಗ್ರಾಂ ಕೆನೆಭರಿತ ಪುಡಿಯಿಂದ ಒಂದು ಲೋಟ, 150 ಮಿಲಿ ಹಾಲು. ಹಸಿ ಹಾಲನ್ನು ರಾಜ್ಯದ ಪ್ರತಿ ಶಾಲೆಗೂ ಕೆಡದ ಹಾಗೆ ಬೆಳಿಗ್ಗೆ ತಲುಪಿಸಿ ಎಂದರೆ ಯಾರಿಂದಲೂ ಆಗದ ಮಾತು. ಪುಡಿಯಾದರೆ ಅಕ್ಕಿ ಬೇಳೆಯ ಜೊತೆ ಚೀಲದಲ್ಲಿ ಹೋಗುತ್ತದೆ. ರೈತನ ಹೆಚ್ಚುವರಿ ಹಾಲಿಗೆ ಗಿರಾಕಿ ಸಿಕ್ಕಿತು, ಮಗುವಿನ ಹೊಟ್ಟೆಗೆ ಹಾಲು ಬಿತ್ತು. ವ್ಯಾಪಾರದ ಲಾಭವೂ ಸಮಾಜದ ಲಾಭವೂ ಒಂದೇ ಲೋಟದಲ್ಲಿ ಕಾಣಬೇಕಾದರೆ ನಾನು ಇದನ್ನೇ ತೋರಿಸುತ್ತೇನೆ.

ಈಗ ಟೊಮೆಟೊಗೆ ಬರೋಣ. ನಿಮ್ಮ ಅಪ್ಪ ಹಣ್ಣು ಕೀಳಿಸುತ್ತಾರೆ. 15 ಕೆಜಿ ಬಾಕ್ಸಿಗೆ ತುಂಬಿಸುತ್ತಾರೆ. ಟೆಂಪೋ ಬರುವ ತನಕ ಬಾಕ್ಸು ಹೊಲದ ಬದುವಿನಲ್ಲಿ ಇರುತ್ತದೆ. ಕೋಲಾರದ ಮಾರುಕಟ್ಟೆಗೆ ಹೋಗಿ ಮಂಡಿಯ ಮುಂದೆ ಸಾಲು. ಹರಾಜು. ಅಲ್ಲಿಂದ ಬೆಂಗಳೂರಿಗೋ ಚೆನ್ನೈಗೋ ಕೋಲ್ಕತ್ತಾಕ್ಕೋ. ಇಳಿಸಿ, ಹತ್ತಿಸಿ, ಮತ್ತೆ ಇಳಿಸಿ. ಕಿತ್ತ ಮೇಲೂ ಟೊಮೆಟೊ ಉಸಿರಾಡುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟು ಹೆಚ್ಚುತ್ತದೆ. ತನ್ನೊಳಗಿನ ಎಥಿಲೀನ್ ಅನಿಲದಿಂದ ತಾನೂ ಹಣ್ಣಾಗುತ್ತದೆ, ಪಕ್ಕದ್ದನ್ನೂ ಹಣ್ಣು ಮಾಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕಳೆದ ಒಂದೊಂದು ಗಂಟೆಯೂ ಕೋಲ್ಕತ್ತಾ ತಲುಪಿದ ಮೇಲೆ ಲೆಕ್ಕಕ್ಕೆ ಬರುತ್ತದೆ.

ಇದರಲ್ಲಿ ಹೊಸತನ ಬಂದೇ ಇಲ್ಲ ಎನ್ನುವುದು ತಪ್ಪು. ಬಿದಿರು ಬುಟ್ಟಿ, ಮರದ ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಕ್ರೇಟು ಬಂತು. ಬುಟ್ಟಿಯ ಮೇಲೆ ಬುಟ್ಟಿ ಇಟ್ಟರೆ ಭಾರ ಹಣ್ಣಿನ ಮೇಲೆ ಬೀಳುತ್ತದೆ. ಕ್ರೇಟಿನಲ್ಲಿ ಭಾರ ಕ್ರೇಟಿನ ಗೋಡೆಯ ಮೇಲೆ ಬೀಳುತ್ತದೆ, ಗಾಳಿಯೂ ಆಡುತ್ತದೆ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಬದಲಾವಣೆ ಬೇರೆ ಹೆಚ್ಚು ಕಂಡಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ರಕ್ಷಕ್ ಕೊಟ್ಟಿತು. ಗಟ್ಟಿ ಹಣ್ಣು, ದೂರದ ಪ್ರಯಾಣಕ್ಕೂ ತಡೆಯುತ್ತದೆ, ಸಂಸ್ಕರಣೆಗೂ ಆಗುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು, ಲಾರಿ ನಿಲ್ಲುವುದು ಕಡಿಮೆಯಾಯಿತು. ಸರಕಿನ ಹರಿವು ಖಂಡಿತ ಸುಧಾರಿಸಿದೆ.

ಸುದ್ದಿ ಮತ್ತು ದುಡ್ಡು ಹಾಗೆ ಸುಧಾರಿಸಲಿಲ್ಲ. ಈ ವಾರ ಎಷ್ಟು ಎಕರೆ ಹಣ್ಣು ಕೊಯ್ಲಿಗೆ ಬರುತ್ತದೆ ಎಂದು ನಾಟಿ ಮಾಡುವಾಗ ನಿಮ್ಮ ಅಪ್ಪನಿಗೆ ಹೇಳುವವರು ಯಾರೂ ಇರಲಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಆ ಬೆಲೆ ನೋಡಿ ಎಲ್ಲರೂ ಒಟ್ಟಿಗೆ ನೆಟ್ಟರೆ, ಎಲ್ಲರ ಹಣ್ಣೂ ಒಟ್ಟಿಗೆ ಬರುತ್ತದೆ. ಆಗ ಹೆಚ್ಚುವರಿಯನ್ನು ತಿರುಗಿಸಲು ಹಾಲಿಗೆ ಪುಡಿ ಇದ್ದ ಹಾಗೆ ಟೊಮೆಟೊಗೆ ದಾರಿ ಬೇಕು. ಪೇಸ್ಟ್ ಮಾಡುವ ಫ್ಯಾಕ್ಟರಿಗೆ ನೀರಿನ ಅಂಶ ಕಡಿಮೆ, ತಿರುಳು ಜಾಸ್ತಿ ಇರುವ ತಳಿ ಬೇಕು. ನಾವು ಬೆಳೆಯುವುದು ಹೆಚ್ಚಾಗಿ ಅಡುಗೆಮನೆಗೆ ಹೋಗುವ ತಳಿ. ಬೆಲೆ ಬಿದ್ದ ದಿನ ಫ್ಯಾಕ್ಟರಿ ಇಲ್ಲ ಎಂದು ಗೋಳಾಡಿದರೆ ಆಗುವುದಿಲ್ಲ. ನಾಟಿಗೆ ಮೊದಲೇ ಯಾವ ಎಕರೆ ಯಾರಿಗೆ ಎಂದು ಒಪ್ಪಂದ ಆಗಿರಬೇಕು. ಕೇಂದ್ರ ಸರ್ಕಾರ 2018ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆ ಎಂದೇ 500 ಕೋಟಿ ರೂಪಾಯಿಯ ಆಪರೇಷನ್ ಗ್ರೀನ್ಸ್ ಘೋಷಿಸಿತು. ಹೆಸರು ಆಪರೇಷನ್ ಫ್ಲಡ್ ನೆನಪಿಸುತ್ತದೆ. ಆದರೆ ಊರೂರಿನಲ್ಲಿ ಬೆಳೆಗಾರರದೇ ಸಂಘ, ದಿನಾ ಎರಡು ಹೊತ್ತು ತೆರೆಯುವ ಬಾಗಿಲು, ಅಂಥದ್ದು ಟೊಮೆಟೊಗೆ ಇನ್ನೂ ಹುಟ್ಟಿಲ್ಲ. ನನ್ನ ಮಟ್ಟಿಗೆ ಅಸಲು ಕೊರತೆ ಅದೇ.

ಸುಮ್ನೆ ಕೋಲ್ಡ್ ಸ್ಟೋರೇಜ್ ಕಟ್ಟಿದರೆ ಆಯಿತು ಎನ್ನುವವರಿಗೂ ಒಂದು ಮಾತು. ಟೊಮೆಟೊವನ್ನು ಹಾಲಿನಂತೆ 4 ಡಿಗ್ರಿಯಲ್ಲಿ ಇಟ್ಟರೆ ಅದಕ್ಕೆ ಚಳಿ ಹೊಡೆಯುತ್ತದೆ, ರುಚಿ ಹೋಗುತ್ತದೆ, ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತದೆ. ಅದಕ್ಕೆ ಬೇಕಾದ್ದು ಸುಮಾರು 12 ಡಿಗ್ರಿ. ಅಲ್ಲಿ ಇಟ್ಟರೂ ಸಿಗುವುದು ವಾರಗಳು, ತಿಂಗಳುಗಳಲ್ಲ. ಆಲೂಗಡ್ಡೆಗೆ ಕಟ್ಟಿದ ಗೋದಾಮಿಗೆ ಟೊಮೆಟೊ ತುಂಬಿ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಈಗ ಆ ಹತ್ತು ನಿಮಿಷ. ಆ ಟೊಮೆಟೊ ಹತ್ತು ನಿಮಿಷದಲ್ಲಿ ಮುಳಬಾಗಿಲಿನಿಂದ ಬರುವುದಿಲ್ಲ. ಗಿರಾಕಿಯ ಮನೆಯಿಂದ ಎರಡು ಮೂರು ಕಿಲೋಮೀಟರ್ ದೂರದ ಪುಟ್ಟ ಗೋದಾಮಿನಲ್ಲಿ ಅದು ಆಗಲೇ ಬಂದು ಕೂತಿರುತ್ತದೆ. ಹೊಸತನ ಆದದ್ದು ಕೊನೆಯ ಎರಡು ಮೂರು ಕಿಲೋಮೀಟರಿನಲ್ಲಿ. ಮೊದಲಿನ ಎರಡು ದಿನ, ಬದು, ಟೆಂಪೋ, ಮಂಡಿ, ಹೆಚ್ಚು ಕಡಿಮೆ ಹಾಗೇ ಇವೆ. ನಿಮ್ಮ ಮನೆಗೆ ಏನೂ ತಲುಪಲಿಲ್ಲ ಎಂದು ನಿಮಗೆ ಅನ್ನಿಸಿದ್ದು ಇದಕ್ಕೇ, ಮತ್ತು ಅದು ಸರಿಯಾದ ಅನ್ನಿಸಿಕೆ. ಕೋಲಾರ ಜಿಲ್ಲೆಯಲ್ಲಿ ದೊಡ್ಡ ಅಂಗಡಿಗಳ ಖರೀದಿ ಕೇಂದ್ರಗಳು ಬಂದಿವೆ, ತೂಕ ಸರಿ, ದುಡ್ಡು ಖಾತೆಗೆ. ಆದರೆ ಅವರು ಆರಿಸಿ ತೆಗೆದುಕೊಳ್ಳುತ್ತಾರೆ. ಮೊದಲ ದರ್ಜೆ ಅವರಿಗೆ, ಉಳಿದದ್ದು ಮತ್ತೆ ಮಂಡಿಗೆ. ಹಾಲಿನ ಸಂಘ ಹಾಗೆ ಮಾಡುವುದಿಲ್ಲ. ಒಳ್ಳೆಯ ಹಾಲು ತಂದ ಸದಸ್ಯರಿಗೆ ಇವತ್ತು ಬೇಡ ಎನ್ನುವುದಿಲ್ಲ.

ಆ ಹತ್ತು ನಿಮಿಷದ ಇನ್ನೊಂದು ಬೆಲೆಯನ್ನು ಗಾಡಿ ಓಡಿಸುವ ಹುಡುಗ ಕೊಡುತ್ತಾನೆ. ಅವನೂ ಎಷ್ಟೋ ಸಲ ನಿಮ್ಮಂಥ ಊರಿನಿಂದಲೇ ಹೋದವನು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಇಂಥ ಬಿಡಿ ಕೆಲಸ ಮಾಡುವವರ, ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿತು, ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯುವ ಏರ್ಪಾಡು ಅದರಲ್ಲಿದೆ. ತಡವಾಗಿ ಬಂದರೂ ಬೇಕಾಗಿದ್ದ ಕೆಲಸ.

ನಿಮ್ಮ ಪರೀಕ್ಷೆಗೆ ಹೊರಗಿನ ಎರಡು ಉದಾಹರಣೆ ಕೊಡುತ್ತೇನೆ, ಇವೂ ಇದೇ ಮಾತಿಗೆ ಬಂದು ಸೇರುತ್ತವೆ.

ಅಮೆರಿಕದಲ್ಲಿ ಮಾಲ್ಕಮ್ ಮ್ಯಾಕ್ಲೀನ್ ಎಂಬ ಲಾರಿ ಮಾಲೀಕರಿದ್ದರು. ಬಂದರಿನಲ್ಲಿ ಹಮಾಲರು ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಹಡಗಿಗೆ ಏರಿಸುವ ತನಕ ಲಾರಿ ಕಾಯುತ್ತಿತ್ತು. ಅವರು ಇಡೀ ಪೆಟ್ಟಿಗೆಯನ್ನೇ ಎತ್ತಿ ಹಡಗಿನಲ್ಲಿ ಇಟ್ಟರೆ ಹೇಗೆ ಎಂದು ಯೋಚಿಸಿದರು. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಡಗು 58 ಕಂಟೇನರ್ ಹೊತ್ತು ನ್ಯೂಯಾರ್ಕ್ ಬಳಿಯ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಬಿಡಿ ಸರಕು ತುಂಬಲು ಟನ್ನಿಗೆ 5.86 ಡಾಲರ್ ಆಗುತ್ತಿದ್ದ ಕಾಲದಲ್ಲಿ ಅದಕ್ಕೆ ತಗುಲಿದ್ದು ಸುಮಾರು 16 ಸೆಂಟ್. ಇವತ್ತು ನಮ್ಮ ಕಾಫಿ, ಗೋಡಂಬಿ ಹೊರದೇಶಕ್ಕೆ ಅಷ್ಟು ಕಡಿಮೆ ಖರ್ಚಿನಲ್ಲಿ ಹೋಗುವುದು ಆ ಪೆಟ್ಟಿಗೆಯಿಂದ. ಅದೇ ಪೆಟ್ಟಿಗೆ ನ್ಯೂಯಾರ್ಕ್‌ನಲ್ಲೂ ಲಂಡನ್ನಿನಲ್ಲೂ ಸಾವಿರಾರು ಹಮಾಲರ ಕೆಲಸ ತೆಗೆಯಿತು. ಎರಡನ್ನೂ ಬರೆಯಿರಿ.

ಇನ್ನೊಂದು ಆಫ್ರಿಕಾದ ರುವಾಂಡಾದ್ದು. ಬೆಟ್ಟಗುಡ್ಡದ ದೇಶ. 2016ರ ಅಕ್ಟೋಬರ್‌ನಲ್ಲಿ ಮುಹಾಂಗಾದಿಂದ ಜಿಪ್‌ಲೈನ್ ಎಂಬ ಕಂಪನಿ ಡ್ರೋನ್‌ನಲ್ಲಿ ಆಸ್ಪತ್ರೆಗಳಿಗೆ ರಕ್ತ ಕಳಿಸಲು ಶುರು ಮಾಡಿತು. ಬೇಗ ತಲುಪುತ್ತದೆ ಎನ್ನುವುದು ಎಲ್ಲರಿಗೂ ಕಾಣುವ ಲಾಭ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಸಣ್ಣ ಆಸ್ಪತ್ರೆ ಭಯಕ್ಕೆ ಎಲ್ಲ ಗುಂಪಿನ ರಕ್ತ ತರಿಸಿ ಇಟ್ಟುಕೊಂಡರೆ ಅವಧಿ ಮುಗಿದು ಚೆಲ್ಲಬೇಕು. ಇಡದಿದ್ದರೆ ಬಾಣಂತಿಗೆ ಸಿಗುವುದಿಲ್ಲ. ಒಂದೇ ಕಡೆ ಕೂಡಿಟ್ಟು, ಕೇಳಿದ ಕೂಡಲೇ ಕಳಿಸಿದರೆ ಎರಡು ಕಷ್ಟವೂ ತಪ್ಪುತ್ತವೆ. 2022ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಅವಧಿ ಮೀರಿ ಹಾಳಾಗುವ ರಕ್ತ ಶೇ 67ರಷ್ಟು ಕಡಿಮೆಯಾಯಿತು. ಊರಿನ ಬಿಎಂಸಿ ಮಾಡಿದ್ದನ್ನೇ ಇದೂ ಮಾಡಿತು, ಕೆಡುವ ವಸ್ತು ಸುಮ್ಮನೆ ಕಾಯುವ ಹೊತ್ತನ್ನು ಕಡಿತ ಮಾಡಿತು.

ಒಂದು ಎಚ್ಚರಿಕೆ. ಭಾರತದ ಲಾಜಿಸ್ಟಿಕ್ಸ್ ವೆಚ್ಚ ಜಿಡಿಪಿಯ ಶೇ 13-14 ಎಂದು ನಿಮ್ಮ ಗೈಡುಗಳಲ್ಲಿ ಇರಬಹುದು. ಹಲವು ವರ್ಷ ಎಲ್ಲರೂ ಅದನ್ನೇ ಹೇಳುತ್ತಿದ್ದರು. ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ 2023ರಲ್ಲಿ ಲೆಕ್ಕ ಹಾಕಿದಾಗ 2021-22ಕ್ಕೆ ಬಂದದ್ದು ಶೇ 7.8ರಿಂದ 8.9. ಹಳೆಯ ಅಂಕಿ ಬಿಟ್ಟು, ಲೆಕ್ಕ ಹಾಕಿ ಬಂದ ಅಂಕಿಯನ್ನೇ ಅದರ ವರ್ಷದ ಜೊತೆ ಬರೆಯಿರಿ.

ಪ್ರಾಜೆಕ್ಟ್ ಮಾಡಬೇಕಾಗಿದ್ದರೆ ಹೀಗೆ ಮಾಡಿ. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ, ಕೆಲವು ನೂರು ರೂಪಾಯಿ. ಒಂದು ದಿನ ಅಮ್ಮನ ಹಾಲಿನ ಜೊತೆ ಬಿಎಂಸಿ ತನಕ ಹೋಗಿ. ಇನ್ನೊಂದು ದಿನ ಅಪ್ಪನ ಒಂದು ಬಾಕ್ಸಿನ ಜೊತೆ ಹೊಲದಿಂದ ಮಂಡಿ ತನಕ, ಆಗುವುದಾದರೆ ಲಾರಿ ಹೊರಡುವ ತನಕ ನಿಲ್ಲಿ. ಕೈ ಬದಲಾಗುವ ಪ್ರತಿ ಜಾಗದಲ್ಲಿ ನಾಲ್ಕು ಬರೆದುಕೊಳ್ಳಿ: ಗಂಟೆ ಎಷ್ಟು, ಬಿಸಿ ಎಷ್ಟು ಡಿಗ್ರಿ, ಆ ಹೊತ್ತಿಗೆ ನಿಮ್ಮ ಮನೆಯವರಿಗೆ ಬೆಲೆ ಗೊತ್ತಿತ್ತಾ, ಮತ್ತು ದುಡ್ಡು ಯಾವ ದಿನ ಕೈಗೆ ಬಂತು. ಟೊಮೆಟೊ ಕಿತ್ತ ಕೂಡಲೇ ಬಾಕ್ಸನ್ನು ಹೊಂಗೆ ಮರದ ನೆರಳಿಗೆ ಇಟ್ಟು ಒಂದು ಸಲ, ಬಿಸಿಲಲ್ಲೇ ಬಿಟ್ಟು ಒಂದು ಸಲ ಅಳೆಯಿರಿ. ಎರಡು ಗಂಟೆ ಬಿಟ್ಟು ಹಣ್ಣಿನ ಒಳಗಿನ ಬಿಸಿ ಎಷ್ಟು ಡಿಗ್ರಿ ಬೇರೆ ಇದೆ ಎಂದು ಬರೆದು ಕಳಿಸಿ. ಮುಂದಿನ ಕೊಯ್ಲಿಗೆ ಬದುವಿನಲ್ಲಿ ಒಂದು ನೆರಳು ಪರದೆ ಕಟ್ಟುವುದು ನಿಮ್ಮ ಮನೆಗೆ ಲಾಭವೋ ಅಲ್ಲವೋ ಎಂದು ಆ ಅಂಕಿ ಇಟ್ಟುಕೊಂಡು ಕೂತು ಲೆಕ್ಕ ಹಾಕೋಣ.